ಆಟದ ಹೆಣ್ಣು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ಮಲಪ್ರಭೆಯ ಆಸುಪಾಸಿನ ಸೀಮೆಯ ನುಡಿಯಲ್ಲಿ ‘ಆಟ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಹುಡುಗರು ಬಯಲಿನಲ್ಲಿ ಆಡುವುದೂ ಆಟವೇ. ಸುಗ್ಗಿ ತೀರಿದ ಮೇಲೆ ಊರವರು ನೆರೆದು ಬೆಳಗಾಗುವ ತನಕ ನೋಡುವ ದೊಡ್ಡಾಟ, ಸಣ್ಣಾಟಗಳೂ ಆಟವೇ. ಗೆಲ್ಲಲು ಸೆಣಸುವವನೂ ಆಟಗಾರ, ವೇಷ ಕಟ್ಟಿ ಹಾಡುವವನೂ ಆಟಗಾರ. ವಿಡಿಯೋ ಗೇಮೆಂಬ ಹೊಸ ವಸ್ತುವು ಬಂದ ಮೇಲೆ ಪಾಶ್ಚಾತ್ಯ ವಿದ್ವಾಂಸರು ಇದನ್ನು ಕ್ರೀಡೆಯೆನ್ನಬೇಕೋ ಕಥನವೆನ್ನಬೇಕೋ ಎಂದು ಬಹುಕಾಲ ಚರ್ಚಿಸಿದರು. ಬೈಲಹೊಂಗಲದ ಒಕ್ಕಲಿಗನಿಗೆ ಆ ಚರ್ಚೆ ವಿಚಿತ್ರವಾಗಿ ಕಂಡೀತು. ಅವನ ಒಂದೇ ಮಾತು ಎರಡನ್ನೂ ಮೊದಲಿಂದ ಹೊತ್ತುಕೊಂಡಿದೆ. ಶಬ್ದವೊಂದೇ ಆದ ಮಾತ್ರಕ್ಕೆ ವಸ್ತುವು ಒಂದೇ ಆಗದೆಂಬುದು ನಿಜ. ಆದರೂ ಈ ಹೊಸ ಆಟಗಳಲ್ಲಿ ಸ್ತ್ರೀರೂಪವನ್ನು ನಡೆಯಿಸಿಕೊಂಡ ಬಗೆಯನ್ನು ಪರೀಕ್ಷಿಸಲು ಹೊರಟವನಿಗೆ ಹಳೆಯ ಆಟವು ಒರೆಗಲ್ಲಾಗಬಲ್ಲುದು.

ವಿಡಿಯೋ ಗೇಮುಗಳ ಮೇಲಿನ ಆಕ್ಷೇಪಣೆ ಹೊಸದಲ್ಲ. 1981ರಲ್ಲಿ ಬಂದ ‘ಡಾಂಕಿ ಕಾಂಗ್’ ಎಂಬುದರಲ್ಲಿ ಹೆಣ್ಣು ವಾನರನೊಬ್ಬನು ಹೊತ್ತೊಯ್ದ ವಸ್ತು. ಮೇಲೆ ನಿಂತು ಕೈ ಬೀಸುವುದಲ್ಲದೆ ಅವಳಿಗೆ ಬೇರೆ ಕೆಲಸವಿಲ್ಲ. 1986ರ ಜಪಾನೀ ಆಟವಾದ ‘ಮೆಟ್ರಾಯ್ಡ್’ ಇದಕ್ಕಿಂತ ಮುಂದುವರಿದುದೆಂದು ತೋರುತ್ತದೆ. ಅದರಲ್ಲಿ ಕವಚಧಾರಿಯಾದ ವೀರನೊಬ್ಬನು ಕೊನೆಯ ತನಕ ಹೋರಾಡಿ, ಕಟ್ಟಕಡೆಗೆ ತಾನು ಹೆಣ್ಣೆಂದು ತೋರಿಸಿಕೊಳ್ಳುತ್ತಾನೆ. ಇದು ನಿಜವಾಗಿ ಸೊಗಸಾದ ಕಲ್ಪನೆ. ಆದರೆ ಆ ಪ್ರತ್ಯಭಿಜ್ಞೆಗೆ ಕರ್ತೃಗಳು ಒಂದು ದರವನ್ನು ಕಟ್ಟಿದರು. ಆಟವನ್ನು ನಿಧಾನವಾಗಿ ಮುಗಿಸಿದವನಿಗೆ ಕವಚವಷ್ಟೇ ಕಾಣುವುದು. ಬೇಗ ಮುಗಿಸಿದವನಿಗೆ ಅವಳ ಮುಖ. ಇನ್ನೂ ಬೇಗ ಮುಗಿಸಿದವನಿಗೆ ಮೈಗಂಟಿದ ಉಡುಪು. ಎಲ್ಲರಿಗಿಂತ ಬೇಗ ಮುಗಿಸಿದವನಿಗೆ ಈಜುಡುಗೆ. ಅಷ್ಟು ಹೊತ್ತು ಶೌರ್ಯವನ್ನು ಮೆರೆದ ಮೈಯು ಕಡೆಯಲ್ಲಿ ಬಹುಮಾನದ ತಟ್ಟೆಯಾಯಿತು. 1996ರಲ್ಲಿ ಇಂಗ್ಲೆಂಡಿನ ಡರ್ಬಿಯ ಕೋರ್ ಡಿಸೈನ್ ಸಂಸ್ಥೆಯವರು ‘ಟೂಮ್ ರೇಡರ್’ ಎಂಬುದನ್ನು ಹೊರಡಿಸಿದರು. ಲಾರಾ ಕ್ರಾಫ್ಟ್ ಎಂಬ ಅದರ ನಾಯಿಕೆ ಗೋರಿ ಗುಡಿಗಳನ್ನು ಅಗೆದು ನಿಧಿ ತೆಗೆಯುವವಳು, ಧೀರೆ, ವಿದ್ಯಾವತಿ. ಆದರೆ ಅವಳನ್ನು ಲೋಕಕ್ಕೆ ಪರಿಚಯಿಸಿದ ಜಾಹೀರಾತುಗಳು ಧೈರ್ಯವಿದ್ಯೆಗಳನ್ನು ಬದಿಗಿಟ್ಟು ಎದೆ ತೊಡೆಗಳ ಅಳತೆಯನ್ನೇ ಸಾರಿದವು.

ಇಂಥ ಕೃತಿಗಳೆದುರಿಗೆ ಕನ್ನಡದ ಉಪಾಧ್ಯಾಯರಲ್ಲಿ ಸಾಮಾನ್ಯವಾಗಿ ಎರಡು ಮನೋವೃತ್ತಿಗಳು ಕಾಣುತ್ತವೆ. ಇದು ಅಶ್ಲೀಲ, ಆದುದರಿಂದ ವಿಮರ್ಶೆಗೆ ಅನರ್ಹವೆನ್ನುವುದು ಒಂದು. ಇದು ಮಕ್ಕಳಾಟ, ಆದುದರಿಂದ ಗಂಭೀರ ವಿಚಾರಕ್ಕೆ ಅನರ್ಹವೆನ್ನುವುದು ಇನ್ನೊಂದು. ಸಣ್ಣಾಟದ ವಿಷಯದಲ್ಲಿ ಹಿಂದಿನ ಸಭ್ಯರು ಅಂದದ್ದೂ ಇದೇ ಎರಡು ಮಾತುಗಳನ್ನು. ‘ಸಂಗ್ಯಾ-ಬಾಳ್ಯಾ’ ನಡೆಯುವ ರಾತ್ರಿ ಮನೆಯ ಹೆಣ್ಣುಮಕ್ಕಳನ್ನು ಹೊರಗೆ ಬಿಡಬಾರದೆಂಬ ಹಿರಿಯರು ಇದ್ದರು. ಓದು ಬರಹ ಬಲ್ಲವರು ಅದನ್ನು ಸಾಹಿತ್ಯವೆಂದು ಎಣಿಸಲೇ ಇಲ್ಲ. ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ವ್ಯವಸ್ಥಿತವಾಗಿ ಶೋಧಿಸಿದ ಚಂದ್ರಶೇಖರ ಕಂಬಾರರಂಥವರು ಬಂದ ಮೇಲೆಯೇ ಆ ಅನಾದರ ಕಡಮೆಯಾದದ್ದು. ಒಮ್ಮೆ ಮಾಡಿದ ತಪ್ಪನ್ನು ಇನ್ನೊಂದು ಆಟದ ವಿಷಯದಲ್ಲಿ ಮತ್ತೆ ಮಾಡುವುದು ವಿದ್ವತ್ತೆಗೆ ಭೂಷಣವಲ್ಲ.

ಮೊದಲನೆಯದಾಗಿ, ಸ್ತ್ರೀಶರೀರದ ವರ್ಣನೆಯೇ ದೋಷವೆಂಬ ಮಾತು ನಿಲ್ಲಲಾರದು. ಹಾಗೆಂದರೆ ಕನ್ನಡ ಚಂಪೂಕಾವ್ಯಗಳಲ್ಲಿ ಅರ್ಧದಷ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಕಾದೀತು. ಅಷ್ಟಾದಶ ವರ್ಣನೆಗಳಲ್ಲಿ ಜಲಕ್ರೀಡೆಯೂ ಮಧುಪಾನವೂ ಸುರತವೂ ಸೇರಿವೆ. ನೇಮಿಚಂದ್ರನ ‘ಲೀಲಾವತಿ’ಯಲ್ಲಿ ಶೃಂಗಾರವನ್ನು ಬಿಟ್ಟರೆ ಉಳಿಯುವುದು ಅತ್ಯಲ್ಪ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ಯಾರೂ ಮೈ ಮರೆಯಿಸಿಕೊಂಡವರೆನ್ನಲಾರರು. ಆದರೆ ಆ ಮದನಿಕೆಯರನ್ನು ಸಾವಧಾನವಾಗಿ ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಒಬ್ಬಳು ಕನ್ನಡಿ ನೋಡುತ್ತಾಳೆ, ಒಬ್ಬಳು ಗಿಳಿಯೊಡನೆ ಮಾತನಾಡುತ್ತಾಳೆ, ಒಬ್ಬಳು ಬೇಟೆಗೆ ಹೊರಟಿದ್ದಾಳೆ, ಇನ್ನೊಬ್ಬಳು ಮದ್ದಳೆಯ ತಾಳದಲ್ಲಿ ತಲ್ಲೀನೆಯಾಗಿದ್ದಾಳೆ. ಪ್ರತಿಯೊಬ್ಬಳಿಗೂ ತನ್ನದೊಂದು ಕೆಲಸವಿದೆ. ಕೆಳಗೆ ನಿಂತು ಕತ್ತೆತ್ತಿ ನೋಡುವವನು ಅವಳ ಲೆಕ್ಕದಲ್ಲಿಲ್ಲ. ಕೆತ್ತಿದವರು ಗಂಡಸರೇ, ಕೆತ್ತಿಸಿದವನೂ ಅರಸನೇ. ಆದರೂ ಆ ರೂಪಗಳಿಗೆ ತಮ್ಮದೇ ಒಂದು ವ್ಯಾಪಾರವನ್ನು ಅವರು ಉಳಿಸಿಕೊಟ್ಟಿದ್ದಾರೆ. ದೋಷವನ್ನು ಬಟ್ಟೆಯ ಅಳತೆಯಲ್ಲಿ ಹುಡುಕುವವರು ಇದನ್ನು ಗಮನಿಸಬೇಕು.

ಹಾಗಾದರೆ ದೋಷವು ಎಲ್ಲಿದೆ? ಲಾರಾ ಮಲ್ವಿ ಎಂಬ ಆಂಗ್ಲ ವಿಮರ್ಶಕಿಯು 1975ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಚಲಚ್ಚಿತ್ರದಲ್ಲಿ ಮೂರು ನೋಟಗಳನ್ನು ಗುರುತಿಸಿದಳು: ಕ್ಯಾಮರಾದ ನೋಟ, ಪ್ರೇಕ್ಷಕನ ನೋಟ, ಚಿತ್ರದೊಳಗಿನ ಪುರುಷನ ನೋಟ. ಮೂರೂ ಕೂಡಿ ಹೆಣ್ಣನ್ನು ನೋಡಿಸಿಕೊಳ್ಳುವ ವಸ್ತುವನ್ನಾಗಿ ಮಾಡುತ್ತವೆಂಬುದು ಅವಳ ವಾದ. ವಿಡಿಯೋ ಗೇಮಿನಲ್ಲಿ ಇವುಗಳ ಜೊತೆಗೆ ನಾಲ್ಕನೆಯದೊಂದು ಸೇರುತ್ತದೆ. ಅದು ಕಣ್ಣಲ್ಲ, ಕೈ. ನೋಡುವವನೇ ಅವಳನ್ನು ನಡೆಸುತ್ತಾನೆ, ಓಡಿಸುತ್ತಾನೆ, ಹಾರಿಸುತ್ತಾನೆ, ಬೀಳಿಸುತ್ತಾನೆ. ಈ ಕೈಯ ಸ್ವರೂಪವನ್ನು ತಿಳಿಯಲು ಅಲಂಕಾರಶಾಸ್ತ್ರದ ಒಂದು ಹಳೆಯ ಸೂಕ್ಷ್ಮವು ಉಪಕಾರಿಯಾಗಿದೆ. ಅಭಿನವಗುಪ್ತನ ಮತದಲ್ಲಿ ರಸವು ಇರುವುದು ಸಹೃದಯನಲ್ಲಿ, ನಟನಲ್ಲಿ ಅಲ್ಲ. ನಟನು ರಸಾಸ್ವಾದಕ್ಕೆ ಉಪಾಯ ಮಾತ್ರ. ಪಾನಪಾತ್ರೆಯು ಪಾನದ ರುಚಿಯನ್ನು ಅರಿಯದಂತೆ ಅವನು ಕೇವಲ ಪಾತ್ರ. ಕನ್ನಡದಲ್ಲಿ ವೇಷಕ್ಕೂ ಬಟ್ಟಲಿಗೂ ಒಂದೇ ಶಬ್ದವಿರುವುದು ಈ ತತ್ತ್ವವನ್ನು ನೆನಪಿನಲ್ಲಿಡಲು ಅನುಕೂಲವಾಗಿದೆ.

ಈ ತತ್ತ್ವದ ಪ್ರತ್ಯಕ್ಷ ದೃಷ್ಟಾಂತವು ಸವದತ್ತಿ ತಾಲೂಕಿನಲ್ಲಿಯೇ ಉಂಟು. ಏಣಗಿ ಗ್ರಾಮದಲ್ಲಿ 1914ರಲ್ಲಿ ಹುಟ್ಟಿ 2017ರ ಆಗಸ್ಟಿನಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ವೃತ್ತಿರಂಗಭೂಮಿಯ ಆರಂಭದ ವರ್ಷಗಳಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾದವರು. ಬಸವೇಶ್ವರನ ಪಾತ್ರದ ಕೀರ್ತಿ ಅನಂತರದ್ದು. ಗಂಡಸು ಹೆಣ್ಣಿನ ವೇಷವನ್ನೂ ಹೆಣ್ಣು ಗಂಡಸಿನ ವೇಷವನ್ನೂ ಧರಿಸುವುದನ್ನು ಭರತನೇ ಒಂದು ಪ್ರತ್ಯೇಕ ಪ್ರಕಾರವೆಂದು ಅಂಗೀಕರಿಸಿದ್ದಾನೆ. ಸೀರೆಯುಟ್ಟು ರಂಗಕ್ಕೆ ಬರುವ ಗಂಡಸು ತಾನು ಆದವಳನ್ನು ತಾನು ನೋಡಲಾರನು. ಅವಳ ಚೆಲುವು ಎದುರಿಗೆ ಕುಳಿತವರಿಗೆ. ಅವನ ಪಾಲಿಗೆ ಬಂದದ್ದು ನೆರಿಗೆಯನ್ನು ಎಡವದೆ ನಡೆಯುವ, ಸೆರಗನ್ನು ಜಾರದಂತೆ ಹಿಡಿಯುವ, ಗಂಟಲನ್ನು ಮೃದುಗೊಳಿಸುವ ಶ್ರಮ. ಸ್ತ್ರೀತ್ವವು ಅವನಿಗೆ ಒಂದು ಹೊರೆ, ಒಂದು ಅಭ್ಯಾಸ. ಆ ಅಭ್ಯಾಸದಲ್ಲಿ ಅವನ ಪುರುಷತ್ವವು ಎಷ್ಟೋ ಸವೆಯುತ್ತದೆ.

ಲಾರಾ ಕ್ರಾಫ್ಟಳ ವೇಷವನ್ನು ಧರಿಸುವ ಹುಡುಗನ ಸ್ಥಿತಿಯೇ ಬೇರೆ. ಅವನು ನಟನೂ ಹೌದು, ಪ್ರೇಕ್ಷಕನೂ ಹೌದು. ಅವಳು ನಡೆಯುವುದು ಇವನ ಬೆರಳಿನಿಂದ. ಅವಳನ್ನು ಹಿಂದಿನಿಂದ ಹಿಂಬಾಲಿಸುವ ಕ್ಯಾಮರಾ ಇವನ ಕಣ್ಣು. ಬಟ್ಟಲೂ ಕುಡಿಯುವವನೂ ಒಂದೇ ಆದಂತಾಯಿತು. ಹೆಣ್ಣಾಗುವ ಶ್ರಮ ಒಂದಿಷ್ಟೂ ಇಲ್ಲದೆ, ಹೆಣ್ಣನ್ನು ನೋಡುವ ಸುಖವೆಲ್ಲ ದಕ್ಕುತ್ತದೆ. ಅವಳ ಬೆನ್ನನ್ನು ನೋಡುತ್ತ ‘ನಾನು ಲಾರಾ’ ಎನ್ನುವ ಹುಡುಗನು ನಿಜವಾಗಿ ಲಾರಾ ಆಗಿಲ್ಲ. ಅವಳನ್ನು ಹೊಂದಿದ್ದಾನೆ, ಅಷ್ಟೇ. ಸಾಧಾರಣೀಕರಣಕ್ಕೆ ಬೇಕಾದ ದೂರವು ಇಲ್ಲಿ ಉಳಿಯುವುದಿಲ್ಲ. ‘ಇದು ನನ್ನದು’ ಎಂಬ ಮಮಕಾರವೇ ಆಟದ ಯಂತ್ರವನ್ನು ನಡೆಸುವ ಶಕ್ತಿಯಾಗಿದೆ. ಇದರಿಂದ ವಿಡಿಯೋ ಗೇಮಿನಲ್ಲಿ ಉತ್ತಮ ಸ್ತ್ರೀಪಾತ್ರವು ಅಸಾಧ್ಯವೆಂದು ಹೇಳಿದಂತಾಗಲಿಲ್ಲ. ನಟ ಪ್ರೇಕ್ಷಕರು ಒಂದಾಗುವ ಈ ಸ್ಥಳದಲ್ಲಿ ಕರ್ತೃವು ಆಟಗಾರನನ್ನು ನಟನ ಕಡೆಗೆ ಎಳೆಯುತ್ತಾನೆಯೋ ಪ್ರೇಕ್ಷಕನ ಕಡೆಗೆ ಎಳೆಯುತ್ತಾನೆಯೋ ಎಂಬುದೇ ಪರೀಕ್ಷೆಯ ಸ್ಥಾನ.

ಬೈಲಹೊಂಗಲದ ಪತ್ತಾರ ಮಾಸ್ತರರ ಹೆಸರಿನೊಡನೆ ಬಂದಿರುವ ‘ಸಂಗ್ಯಾ-ಬಾಳ್ಯಾ’ವನ್ನು ಈ ಪರೀಕ್ಷೆಗೆ ಒಡ್ಡಿದರೆ ಏನು ಕಾಣುತ್ತದೆ? ಈ ಸೀಮೆಯಲ್ಲಿ ನಿಜವಾಗಿ ನಡೆದ ಕೊಲೆಯೊಂದು ಅದರ ಬೀಜವೆಂಬುದು ಪ್ರತೀತಿ. ಫ್ಲೀಟನು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಮಾಡಿಸಿದ ಕನ್ನಡ ಲಾವಣಿಗಳಲ್ಲಿ ಸಂಗ್ಯಾನ ಅಪರಾಧವನ್ನೂ ಮರಣವನ್ನೂ ಹೇಳುವುದೊಂದು ಸೇರಿದೆ. ಸಂಗ್ಯಾ ಗೆಳೆಯನ ಹೆಂಡತಿಯಾದ ಗಂಗೆಯನ್ನು ನೋಡುತ್ತಾನೆ, ಬಯಸುತ್ತಾನೆ, ಗಂಡನು ವ್ಯಾಪಾರಕ್ಕೆ ಪರಸ್ಥಳಕ್ಕೆ ಹೋದಾಗ ಬಾಳ್ಯಾನ ನೆರವಿನಿಂದಲೂ ಮುದಿ ದೂತಿಯೊಬ್ಬಳ ಮಾತಿನ ಚಾತುರ್ಯದಿಂದಲೂ ಅವಳನ್ನು ಪಡೆಯುತ್ತಾನೆ, ಕಡೆಗೆ ಬಾಳ್ಯಾನ ದ್ರೋಹದಿಂದ ಕೊಲೆಯಾಗುತ್ತಾನೆ. ಕಥೆಯನ್ನು ಹೀಗೆ ಹೇಳಿದರೆ ಗಂಗೆಯು ಗಂಡಸರ ಜೂಜಿನ ಪಣವೆಂದೇ ತೋರೀತು. ಆಟವನ್ನು ನೋಡಿದವರ ಅನುಭವ ಅದಲ್ಲ. ಗಂಗೆಗೆ ಮಾತುಂಟು. ದೂತಿಗೆ ಅವಳು ಎದುರಾಡುತ್ತಾಳೆ. ಸಂಗ್ಯಾನೊಡನೆ ಸಮಸಮವಾಗಿ ಸವಾಲು ಜವಾಬು ಹಾಡುತ್ತಾಳೆ. ಮನಸ್ಸು ತಿರುಗಿದ ಮೇಲೆ ತನ್ನ ಬಯಕೆಯನ್ನೂ ಬಾಯಿಬಿಟ್ಟು ಹೇಳುತ್ತಾಳೆ. ಮೇಳದವರು ಸಂಗ್ಯಾನ ಪಲ್ಲವಿಯನ್ನು ಎತ್ತಿಕೊಂಡಂತೆಯೇ ಅವಳ ಪಲ್ಲವಿಯನ್ನೂ ಎತ್ತಿಕೊಳ್ಳುತ್ತಾರೆ. ಶೃಂಗಾರವು ಇಲ್ಲಿ ಹಸಿಯಾಗಿದೆ. ಕೆಲವೆಡೆ ಒರಟಾಗಿಯೂ ಇದೆ. ಆದರೆ ಗಂಗೆಯು ‘ಒಲ್ಲೆ’ ಎನ್ನುವುದಕ್ಕೂ ‘ಹೂಂ’ ಎನ್ನುವುದಕ್ಕೂ ತೂಕವಿದೆ, ಯಾಕಂದರೆ ಆ ಎರಡರ ನಡುವೆ ಒಂದು ಮನೆಯೂ ಒಂದು ಜೀವವೂ ತೂಗುತ್ತಿವೆ. ಜನ್ನನ ಅಮೃತಮತಿಯನ್ನು ಓದಿದವರಿಗೆ ಈ ಗಂಗೆಯು ದೂರದ ನೆಂಟಳಾಗಿ ಕಂಡರೆ ಆಶ್ಚರ್ಯವಿಲ್ಲ.

2003ರಲ್ಲಿ ಬಂದ ಜಪಾನೀ ಆಟವೊಂದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ‘ಡೆಡ್ ಆರ್ ಅಲೈವ್ ಎಕ್ಸ್‌ಟ್ರೀಮ್ ಬೀಚ್ ವಾಲಿಬಾಲ್’ ಎಂಬುದು ಅದರ ಹೆಸರು. ಮೂಲದಲ್ಲಿ ಇದು ಮಲ್ಲಯುದ್ಧದ ಆಟವೊಂದರ ಶಾಖೆ. ಯುದ್ಧ ಹೋಗಿ ಕಡಲತೀರ ಉಳಿಯಿತು. ಇದರಲ್ಲಿ ಚೆಂಡಾಟವು ನೆಪ. ದುಡ್ಡು ಗಳಿಸಿ ಈಜುಡುಗೆಗಳನ್ನು ಕೊಂಡು ಜೊತೆಯ ಹೆಂಗಸರಿಗೆ ಕಾಣಿಕೆ ಕೊಟ್ಟು ಉಡಿಸುವುದೇ ನಿಜವಾದ ಉದ್ದೇಶ. ಕೊಟ್ಟ ಕಾಣಿಕೆಯನ್ನು ಅವರು ಒಮ್ಮೊಮ್ಮೆ ತಿರಸ್ಕರಿಸುವುದೂ ಉಂಟು. ಇದನ್ನೇ ಹಿಡಿದು, ನೋಡಿರಿ, ಅವರಿಗೂ ಇಚ್ಛೆಯಿದೆ ಎಂದು ಯಾರಾದರೂ ಸಮರ್ಥಿಸಬಹುದು. ಆದರೆ ಆ ತಿರಸ್ಕಾರವು ಒಂದು ಬೀಗ. ಸರಿಯಾದ ಕೀಲಿಯನ್ನು ಸರಿಯಾದ ಸಮಯದಲ್ಲಿ ಹಾಕಿದರೆ ಅದು ತೆರೆದೇ ತೆರೆಯುತ್ತದೆ. ತೆರೆಯಲಾರದ ಬಾಗಿಲನ್ನು ಆ ಆಟದ ಕರ್ತೃಗಳು ಕಟ್ಟಲೇ ಇಲ್ಲ. ಗಂಗೆಯ ‘ಒಲ್ಲೆ’ಯು ಅವಳ ಮಾತು, ಇಲ್ಲಿಯ ‘ಒಲ್ಲೆ’ಯು ಮಾರಾಟದ ಬೆಲೆಚೀಟಿ. ಸಣ್ಣಾಟದ ಕುಟ್ಟಿನಿ ಮುದುಕಿಯಾದರೂ ತನ್ನ ಕೆಲಸವು ಪಾಪವೆಂದು ಬಲ್ಲಳು. ವಿಡಿಯೋ ಗೇಮಿನಲ್ಲಿ ಕುಟ್ಟಿನಿಯ ಕೆಲಸವನ್ನು ಅಂಗಡಿಯ ಪಟ್ಟಿಯೇ ಮಾಡುತ್ತದೆ. ಅದಕ್ಕೆ ನಾಚಿಕೆಯ ಪ್ರಶ್ನೆಯೇ ಇಲ್ಲ.

ಇದರ ಅರ್ಥ, ಹಳೆಯ ಆಟವೆಲ್ಲ ಪವಿತ್ರ, ಹೊಸದೆಲ್ಲ ಕಲುಷಿತವೆಂದಲ್ಲ. ಸಣ್ಣಾಟದಲ್ಲಿ ಹೆಂಗಸರೇ ಹೆಣ್ಣುಪಾತ್ರ ವಹಿಸತೊಡಗಿದ ಮೇಲೆ, ಮೆಚ್ಚಿದವರು ರಂಗವನ್ನೇರಿ ಪಾತ್ರಧಾರಿಣಿಯ ಸೆರಗಿಗೆ ನೋಟು ಚುಚ್ಚುವ ರೂಢಿಯನ್ನು ಮರೆಯುವಂತಿಲ್ಲ. ಆ ಕ್ಷಣದಲ್ಲಿ ಅಲ್ಲಿಯೂ ಗಂಗೆ ಮಾಯವಾಗಿ, ಕೂಲಿಗೆ ಬಂದ ಒಬ್ಬ ಬಡ ಹೆಂಗಸು ಮಾತ್ರ ನಿಲ್ಲುತ್ತಿದ್ದಳು.

ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಆಟವೊಂದನ್ನು ಈಗ ಎತ್ತಿಕೊಳ್ಳಬೇಕು. ಅಮೆರಿಕದ ನಾಟಿ ಡಾಗ್ ಸಂಸ್ಥೆಯವರು 2017ರ ಆಗಸ್ಟಿನಲ್ಲಿ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬುದನ್ನು ಹೊರತಂದರು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದ 1117ನೆಯ ಇಸವಿಯಿಂದ ಸರಿಯಾಗಿ ಒಂಬತ್ತುನೂರು ವರ್ಷಗಳ ಮೇಲೆ, ಪಡುವಣ ಘಟ್ಟಗಳಲ್ಲಿ ಹೊಯ್ಸಳರ ಪಾಳುಗಳನ್ನು ಕಲ್ಪಿಸಿ, ಹಳೇಬೀಡು ಬೇಲೂರುಗಳ ಹೆಸರನ್ನೇ ಹಿಡಿದು ರಚಿಸಿದ ಆಟವಿದು. ಅರ್ಧ ಭಾರತೀಯಳಾದ ಕ್ಲೋಯೀ ಫ್ರೇಜರ್, ದಕ್ಷಿಣ ಆಫ್ರಿಕೆಯ ಯೋಧೆಯಾದ ನಾಡೀನ್ ರಾಸ್ ಎಂಬ ಇಬ್ಬರು ಹೆಂಗಸರು ಗಣೇಶನ ದಂತವೆಂಬ ನಿಧಿಯನ್ನು ಹುಡುಕುತ್ತ ಹೋಗುವರು. ಹೊಯ್ಸಳರ ಶೋಧದಲ್ಲಿಯೇ ಪ್ರಾಣ ಬಿಟ್ಟ ತಂದೆಯ ನೆನಪು ಕ್ಲೋಯಿಗೆ ಹಿನ್ನೆಲೆ.

ಇದೇ ಕ್ಲೋಯೀ 2009ರಲ್ಲಿ ಈ ಮಾಲೆಯ ಎರಡನೆಯ ಆಟದಲ್ಲಿ ಮೊದಲು ಕಾಣಿಸಿಕೊಂಡಳು. ಅಲ್ಲಿ ನಾಯಕನು ಗಂಡಸು. ಅವಳು ಅವನ ಹಳೆಯ ಪ್ರೇಯಸಿ. ಅವಳ ನಡೆ ನುಡಿ ಕ್ಯಾಮರಾದ ಕೋನಗಳೆಲ್ಲ ಅವನನ್ನೂ ಅವನ ಹಿಂದಿರುವ ಆಟಗಾರನನ್ನೂ ಮರುಳುಗೊಳಿಸಲು ಜೋಡಿಸಿದವು. ಎಂಟು ವರ್ಷಗಳ ಮೇಲೆ ಅವಳೇ ನಾಯಿಕೆಯಾದಾಗ ಮುಖ ಬದಲಾಗಲಿಲ್ಲ, ಚೆಲುವು ಕುಂದಲಿಲ್ಲ, ಉಡುಪೂ ಬಹಳ ಬೇರೆಯಾಗಲಿಲ್ಲ. ಆದರೆ ಪಾತ್ರ ಬೇರೆಯಾಯಿತು. ಕಾರಣವೇನೆಂದರೆ ಅವಳ ಮೈಗೆ ಕೆಲಸ ಸಿಕ್ಕಿತು. ಬಂಡೆಯ ಅಂಚನ್ನು ಹಿಡಿದು ತೂಗುತ್ತಾಳೆ. ಕೆಸರಿನಲ್ಲಿ ಜೀಪು ಓಡಿಸುತ್ತಾಳೆ. ದಣಿದು ಏದುಸಿರು ಬಿಡುತ್ತಾಳೆ. ಕ್ಯಾಮರಾ ಈಗಲೂ ಬೆನ್ನ ಹಿಂದೆಯೇ ಇದೆ. ಆದರೆ ಆಟಗಾರನ ಕಣ್ಣು ಅವಳ ಬೆನ್ನ ಮೇಲೆ ನಿಲ್ಲಲು ಪುರಸತ್ತಿಲ್ಲ. ಮುಂದಿನ ಕಲ್ಲು ಎಲ್ಲಿದೆ, ಕೈ ಎಲ್ಲಿಗೆ ಚಾಚಬೇಕು ಎಂದು ಅವಳ ಕಣ್ಣಿನಿಂದಲೇ ನೋಡಬೇಕಾಗುತ್ತದೆ. ಅದಕ್ಕೂ ಹೆಚ್ಚಿನದು ಸಂಭಾಷಣೆ. ಇಬ್ಬರು ಹೆಂಗಸರು ದಾರಿಯುದ್ದಕ್ಕೂ ಮಾತನಾಡುತ್ತಾರೆ: ತಂದೆಯ ವಿಷಯ, ಕಳೆದುಕೊಂಡ ಪಡೆಯ ವಿಷಯ, ಒಬ್ಬರನ್ನೊಬ್ಬರು ನಂಬಬಹುದೋ ಬಾರದೋ ಎಂಬ ಸಂಶಯ. ಜಗಳವಾಡಿ ಮುನಿದು ಮತ್ತೆ ಕೂಡುತ್ತಾರೆ. ಇಲ್ಲಿ ಆಟಗಾರನು ಬಹುಮಟ್ಟಿಗೆ ನಟನ ಕಡೆಗೆ ಎಳೆಯಲ್ಪಟ್ಟಿದ್ದಾನೆ. ಲಾರಾ ಕ್ರಾಫ್ಟಳ ಆಟವನ್ನೂ 2013ರಲ್ಲಿ ಇದೇ ದಾರಿಯಲ್ಲಿ ತಿದ್ದಲು ಪ್ರಯತ್ನ ನಡೆಯಿತು, ಅಂಗಪ್ರಮಾಣವು ಮನುಷ್ಯರದಾಯಿತು. ಆದರೆ ಆ ಆಟವು ಅವಳ ನೋವನ್ನು, ಗಾಯವನ್ನು, ಮರಣವನ್ನು ಅಷ್ಟು ಹತ್ತಿರದಿಂದ ಅಷ್ಟು ಸಲ ತೋರಿಸುತ್ತದೆಯೆಂದರೆ, ಹಿಂದೆ ಸುಖಕ್ಕಾಗಿ ನೋಡಿಸಿದ್ದನ್ನು ಈಗ ಕರುಣೆಯ ಹೆಸರಿನಲ್ಲಿ ನೋಡಿಸಿದಂತಾಗಿದೆ.

‘ಲಾಸ್ಟ್ ಲೆಗಸಿ’ಯ ಕೊರತೆಯು ಮತ್ತೊಂದು ಕಡೆಗಿದೆ. ಹೊಯ್ಸಳರ ನಾಡಿನಲ್ಲಿ ನಡೆಯುವ ಇಬ್ಬರು ಹೆಂಗಸರ ಕಥೆಯಲ್ಲಿ ಹೊಯ್ಸಳ ಹೆಂಗಸೊಬ್ಬಳು ಕಥೆಯ ನಡೆಗೆ ಬೇಕಾಗಿಲ್ಲ. ನಾಟ್ಯದಲ್ಲಿ ಪಾರಂಗತೆಯೆಂದು ಶಾಸನಗಳು ಹೊಗಳುವ ಶಾಂತಲೆಗೆ ಅಲ್ಲಿ ಎಡೆ ದೊರೆಯಲಿಲ್ಲ. ಗಣೇಶನ ದಂತವನ್ನು ಕಡಿದ ಪರಶುರಾಮನೂ ಅವನ ಕೊಡಲಿಯೂ ಒಗಟುಗಳ ರೂಪದಲ್ಲಿ ಮೆರೆದಿವೆ. ಆ ಕೊಡಲಿಯಿಂದಲೇ ತಲೆ ಕಳೆದುಕೊಂಡ ತಾಯಿಗೆ ಕಥೆಯ ಮುಖ್ಯ ಎಳೆಯಲ್ಲಿ ಸ್ಥಾನವಿಲ್ಲ.

ಆ ತಾಯಿಯ ಗುಡ್ಡವು ಸವದತ್ತಿಯಲ್ಲಿದೆ. ರೇಣುಕೆಯ ಕಥೆ ಎಲ್ಲರಿಗೂ ಗೊತ್ತಿದ್ದರೂ ಪ್ರಕೃತಕ್ಕೆ ಅದರ ಒಂದು ಅಂಶ ಮುಖ್ಯ. ಅವಳನ್ನು ಯಾರೂ ಕದ್ದು ನೋಡಲಿಲ್ಲ, ಅವಳೇ ನೋಡಿದಳು. ಜಲಕ್ರೀಡೆಯಲ್ಲಿದ್ದ ಚಿತ್ರರಥನ ಮೇಲೆ ಒಂದು ಕ್ಷಣ ಅವಳ ದೃಷ್ಟಿ ನಿಂತಿತು. ಅದಕ್ಕಾಗಿ ಜಮದಗ್ನಿಯ ಆಜ್ಞೆಯಂತೆ ಮಗನ ಕೈಯಿಂದ ಅವಳ ಶಿರಚ್ಛೇದವಾಯಿತು. ಪುರಾಣವು ಹೆಣ್ಣಿನ ನೋಟಕ್ಕೆ ಹಾಕಿದ ದಂಡವಿದು. ಆದರೆ ಜನರು ಗುಡಿ ಕಟ್ಟಿದ್ದು ದಂಡಿಸಿದವನಿಗಲ್ಲ, ನೋಡಿದವಳಿಗೆ. ಭಾರತ ಹುಣ್ಣಿಮೆಯ ದಿನ ಲಕ್ಷಾಂತರ ಜನ ‘ಉಧೋ ಉಧೋ’ ಎಂದು ಅವಳ ಹೆಸರನ್ನೇ ಕೂಗುತ್ತ ಗುಡ್ಡವನ್ನು ಏರುತ್ತಾರೆ. ಇಂಥ ದೇವತೆಯ ಹೆಸರಿನಲ್ಲಿಯೇ ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಅವರ ಮೈಯನ್ನು ಉಳ್ಳವರ ಉಪಯೋಗಕ್ಕೆ ಬಿಟ್ಟ ಪದ್ಧತಿಯೂ ಇದೇ ಗುಡ್ಡದಲ್ಲಿ ಬೆಳೆಯಿತೆಂಬುದು ಇತಿಹಾಸದ ಕ್ರೂರ ವಿಪರ್ಯಾಸ. ಮುಂಬಯಿ ಸರಕಾರವು 1934ರಲ್ಲಿಯೂ ಕರ್ನಾಟಕ ಸರಕಾರವು 1982ರಲ್ಲಿಯೂ ಅದನ್ನು ತಡೆಯಲು ಕಾಯಿದೆ ಮಾಡಬೇಕಾಯಿತು. ಮೈಯೊಂದು ಅನ್ಯರ ಕೈಗೆ ಹೋಗುವುದೆಂದರೇನೆಂಬುದನ್ನು ಈ ಸೀಮೆ ಪುಸ್ತಕದಿಂದ ಕಲಿಯಬೇಕಾಗಿಲ್ಲ. ಪರದೆಯ ಮೇಲಿನ ಬೊಂಬೆಗೆ ನೋವಿಲ್ಲ, ಆದುದರಿಂದ ಇದು ನಿರುಪದ್ರವಿಯೆಂಬ ವಾದವನ್ನು ಇಲ್ಲಿಯ ಅಧ್ಯಾಪಕನು ಅಷ್ಟು ಸುಲಭವಾಗಿ ಒಪ್ಪಲಾರನು. ಬೊಂಬೆಗೆ ನೋವಿಲ್ಲವೆಂಬುದು ನಿಜ. ಅಭ್ಯಾಸವಾಗುವುದು ಆಡಿಸುವ ಕೈಗೆ.

ಕಿತ್ತೂರಿನ ರಾಣಿ ಚೆನ್ನಮ್ಮನನ್ನು ನಾಯಿಕೆಯನ್ನಾಗಿ ಮಾಡಿ ಒಂದು ಒಳ್ಳೆಯ ಆಟವನ್ನು ರಚಿಸಬಾರದೇ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆಯವರು 2020ರಲ್ಲಿ ‘ರಾಜಿ’ ಎಂಬ ಆಟವನ್ನು ತಂದು, ತಮ್ಮನನ್ನು ಹುಡುಕುತ್ತ ಅಸುರರೊಡನೆ ಹೋರಾಡುವ ಹುಡುಗಿಯೊಬ್ಬಳನ್ನು ಯಾವ ಅಂಗಪ್ರದರ್ಶನವೂ ಇಲ್ಲದೆ ಚಿತ್ರಿಸಿದ್ದಾರೆ. ಆದುದರಿಂದ ಇದು ಅಶಕ್ಯವಲ್ಲ. ಚೆನ್ನಮ್ಮನ ವಿಷಯದಲ್ಲಿ ಎಚ್ಚರವಿರಬೇಕಾದದ್ದು ಅವಳ ವಯಸ್ಸಿನ ಬಗ್ಗೆ. 1778ರಲ್ಲಿ ಕಾಕತಿಯಲ್ಲಿ ಹುಟ್ಟಿದ ಅವಳು 1824ರ ಅಕ್ಟೋಬರ್ 23ರಂದು ಥ್ಯಾಕರೆಯು ಕೋಟೆಯ ಮುಂದೆ ಬಿದ್ದ ದಿನ ನಾಲ್ವತ್ತಾರರ ಆಸುಪಾಸಿನ ವಿಧವೆ. ಮಗನನ್ನು ಕಳೆದುಕೊಂಡ ತಾಯಿ. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಾಗ ಐವತ್ತು ದಾಟಿದವಳು. 1961ರಲ್ಲಿ ಬಿ. ಆರ್. ಪಂತುಲು ಅವರು ತೆಗೆದ ಚಲಚ್ಚಿತ್ರದಲ್ಲಿ ಆ ಪಾತ್ರವನ್ನು ವಹಿಸಿದ ಬಿ. ಸರೋಜಾದೇವಿಯವರಿಗೆ ಆಗಿನ್ನೂ ಇಪ್ಪತ್ತಮೂರು ತುಂಬಿತ್ತೋ ಇಲ್ಲವೋ. ಅವರ ಅಭಿನಯ ಗಂಭೀರವಾದುದು, ಅದರಲ್ಲಿ ಕುಂದಿಲ್ಲ. ಆದರೆ ಅಂದಿನಿಂದ ಕ್ಯಾಲೆಂಡರು ಮೆರವಣಿಗೆಗಳಲ್ಲಿ ಕುದುರೆಯೇರಿದವಳು ಸಾಮಾನ್ಯವಾಗಿ ತರುಣಿಯೇ. ಮುಖದಲ್ಲಿ ಗೆರೆ ಬಿದ್ದ, ಲೆಕ್ಕಪತ್ರ ದತ್ತಕಪತ್ರಗಳಲ್ಲಿ ತಲೆ ಕೆಡಿಸಿಕೊಂಡ, ಕುಂಪಣಿಯ ಅಧಿಕಾರಿಗಳಿಗೆ ಕಾಗದದ ಮೇಲೆ ಕಾಗದ ಬರೆಯ ಬೇಕಾದ ನಡುವಯಸ್ಸಿನ ಹೆಂಗಸನ್ನು ವೀರರಸಕ್ಕೆ ಆಲಂಬನವಾಗಿಡಲು ನಮ್ಮ ಕಲೆಗೂ ಧೈರ್ಯ ಸಾಲಲಿಲ್ಲ. ಆಟದ ಕರ್ತೃಗಳ ಕೈಗೆ ಅವಳು ಸಿಕ್ಕರೆ ಕವಚವು ಎದೆಗೆ ಅಂಟೀತು, ಸೊಂಟವು ಸಣ್ಣದಾದೀತು ಎಂಬ ಭಯ ನಿರಾಧಾರವಲ್ಲ. ಬೆಳವಡಿಯ ಮಲ್ಲಮ್ಮನಿಗೂ ಇದೇ ಗತಿ ಬಂದೀತು. ಹೆಂಗಸರ ಪಡೆ ಕಟ್ಟಿ ಶಿವಾಜಿಯ ಸೈನ್ಯದೊಡನೆ ಕಾದಾಡಿದಳೆಂದು ಐತಿಹ್ಯವು ಹೇಳುವ ಅವಳ ಕಥೆಯು ಆಟಕ್ಕೆ ಹೇಳಿ ಮಾಡಿಸಿದಂತಿದೆ. ಆ ಪಡೆಯಲ್ಲಿ ಎಲ್ಲರೂ ಒಂದೇ ಅಚ್ಚಿನ ಸುಂದರಿಯರಾದರೆ ಪಡೆ ಹೋಗಿ ಮೇಳವಾದೀತು.

ವಯಸ್ಸಿನ ಮಾತು ಬಂದುದರಿಂದ ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರವಿರುವ ಶಬರಿಕೊಳ್ಳವನ್ನು ನೆನೆಯಬಹುದು. ಶಬರಿಯು ರಾಮನ ದಾರಿ ಕಾಯುತ್ತಿದ್ದ ಸ್ಥಳವೆಂದು ಜನ ನಂಬುವ ಆ ಕೊಳ್ಳದಲ್ಲಿ ಪೂಜೆಗೊಳ್ಳುತ್ತಿರುವುದು ಒಬ್ಬ ಮುದುಕಿ. ಕಾವ್ಯಕ್ಕೆ ಅವಳು ಬೇಕಾದಳು, ಗುಡಿಗೆ ಬೇಕಾದಳು. ವಿಡಿಯೋ ಗೇಮುಗಳಲ್ಲಿ ನರೆತ ಗಡ್ಡದ ಯೋಧರು ನಾಯಕರಾಗಿದ್ದಾರೆ. ನರೆಗೂದಲ ನಾಯಿಕೆಯನ್ನು ದೀಪ ಹಿಡಿದು ಹುಡುಕಬೇಕು. ಆಟದಲ್ಲಿ ಹೆಣ್ಣನ್ನು ಯಾತಕ್ಕಾಗಿ ಇಟ್ಟಿದ್ದಾರೆಂಬುದಕ್ಕೆ ಇದಕ್ಕಿಂತ ನಿರ್ವಿವಾದವಾದ ಸಾಕ್ಷ್ಯ ಬೇಕಾಗಿಲ್ಲ.

ಕೃತಿಯ ವಿಚಾರವಾದ ಮೇಲೆ ಕೂಟದ ವಿಚಾರವೂ ಒಂದಿಷ್ಟು ಬೇಕು. ಅನೀಟಾ ಸಾರ್ಕೀಸಿಯನ್ ಎಂಬ ವಿಮರ್ಶಕಿಯು 2013ರಿಂದ ಇದೇ ವಿಷಯವನ್ನು ಕುರಿತು ಚಿತ್ರಸಹಿತವಾದ ವ್ಯಾಖ್ಯಾನಮಾಲೆಯೊಂದನ್ನು ಪ್ರಕಟಿಸಿದಳು. ವ್ಯಾಖ್ಯಾನದಲ್ಲಿದ್ದುದು ಕೃತಿಪರೀಕ್ಷೆ ಮಾತ್ರ; ಕೆಲವು ತೀರ್ಮಾನಗಳು ಅವಸರದವೆಂದು ವಾದಿಸಲು ಯಾರಿಗೂ ಅಡ್ಡಿಯಿರಲಿಲ್ಲ. ಅವಳಿಗೆ ದೊರೆತ ಉತ್ತರವು ವಾದವಲ್ಲ, ಬೆದರಿಕೆ. 2014ರ ಅಕ್ಟೋಬರಿನಲ್ಲಿ ಅಮೆರಿಕದ ಯೂಟಾ ಪ್ರಾಂತದ ವಿಶ್ವವಿದ್ಯಾಲಯವೊಂದರಲ್ಲಿ ಅವಳ ಉಪನ್ಯಾಸವಿದ್ದಾಗ, ಸಭೆಯಲ್ಲಿ ಗುಂಡು ಹಾರಿಸಿ ಜನರನ್ನು ಕೊಲ್ಲುವುದಾಗಿ ಪತ್ರ ಬಂದು ಉಪನ್ಯಾಸವೇ ನಿಂತುಹೋಯಿತು. ಬೊಂಬೆಯ ಮೇಲಿನ ಮಮಕಾರವು ಜೀವಂತ ಹೆಂಗಸಿನ ಮೇಲೆ ಹಗೆಯಾಗಿ ತಿರುಗಿದ ಈ ಪ್ರಸಂಗವನ್ನು ಆಟದ ವಿಮರ್ಶಕನು ಕಡೆಗಣಿಸುವಂತಿಲ್ಲ.

ಇಷ್ಟು ದೂರದ ಮಾತು ಬೇಡವೆಂದರೆ, ಮೊಬೈಲಿನಲ್ಲಿ ಹಲವರು ಕೂಡಿ ಆಡುವ ಯುದ್ಧದ ಆಟಗಳನ್ನು ನೋಡಬಹುದು. ಅವುಗಳಲ್ಲಿ ಆಟಗಾರರು ಒಬ್ಬರೊಡನೊಬ್ಬರು ಮಾತನಾಡುತ್ತ ಆಡುತ್ತಾರೆ. ಹೆಣ್ಣುಬೊಂಬೆಯನ್ನು ಆರಿಸಿ ಅದಕ್ಕೆ ದುಡ್ಡು ಕೊಟ್ಟು ಬಟ್ಟೆ ತೊಡಿಸುವ ಹುಡುಗರಿಗೆ ಯಾವ ಸಂಕೋಚವೂ ಇಲ್ಲ. ನಿಜವಾದ ಹೆಣ್ಣುದನಿಯೊಂದು ಕೇಳಿದರೆ ಮಾತ್ರ ಚೇಷ್ಟೆ, ಬೈಗುಳ, ಅಸಹ್ಯ ಪ್ರಶ್ನೆಗಳು ಮೊದಲಾಗುತ್ತವೆ. ಆದುದರಿಂದ ಆಡುವ ಹುಡುಗಿಯರಲ್ಲಿ ಅನೇಕರು ಗಂಡುಹೆಸರನ್ನು ಇಟ್ಟುಕೊಳ್ಳುತ್ತಾರೆ, ದನಿಯನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಹಿಂದೆ ಹೆಂಗಸರಿಗೆ ರಂಗವು ನಿಷಿದ್ಧವಾಗಿದ್ದುದರಿಂದ ಗಂಡಸರು ಸೀರೆಯುಟ್ಟರು. ಈಗ ರಂಗವು ತೆರೆದಿದ್ದರೂ ಹೆಂಗಸರು ಗಂಡುವೇಷ ಹಾಕಬೇಕಾಗಿದೆ. ಏಣಗಿ ಬಾಳಪ್ಪನವರ ಸ್ತ್ರೀವೇಷಕ್ಕೆ ಪದಕ ಚಪ್ಪಾಳೆಗಳುಂಟಾದವು. ಈ ಹುಡುಗಿಯರ ಪುರುಷವೇಷವು ಸಫಲವಾಗುವುದು ಅದು ಯಾರಿಗೂ ತಿಳಿಯದಿದ್ದರೆ ಮಾತ್ರ. ಗೆದ್ದ ಮೇಲೆ ಜೊತೆಯವರು ‘ಭೇಷ್, ತಮ್ಮಾ’ ಎಂದರೆ ಅವರು ಉತ್ತರ ಕೊಡದೆ ಮುಂದಿನ ಆಟಕ್ಕೆ ಹೋಗುತ್ತಾರೆ.